ಕತ್ತರಿಸಿದ ಚಿತ್ರ ಎಲ್ಲಿ ಹೋಗುತ್ತದೆ?

ಮೊಳೆ ಜೋಡಿಸಿ ಪತ್ರಿಕೆ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಫೋಟೊ ಬೇಕೆಂದರೆ ಲೋಹದ ಬ್ಲಾಕ್ ಮಾಡಿಸಬೇಕಿತ್ತು. ಬೇಕಾದಷ್ಟು ಭಾಗಕ್ಕೆ ಪೆನ್ಸಿಲ್ ಗೆರೆ ಎಳೆದು ಕಳಿಸಿದರೆ ಅಷ್ಟಕ್ಕೇ ಬ್ಲಾಕ್ ಆಗುತ್ತಿತ್ತು. ಆಫ್‌ಸೆಟ್ ಬಂದ ಮೇಲೆ ಕತ್ತರಿ, ಬ್ಲೇಡು, ಅಂಟು ಹಿಡಿದು ಪುಟ ಕಟ್ಟಿದರು. ಎರಡರಲ್ಲೂ ಬೇಡವೆಂದು ಬಿಟ್ಟ ಭಾಗ ಓದುಗರ ಕೈಗೆ ಬರುತ್ತಿರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಇದು ಬದಲಾಯಿತು. 1977ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಅವರಿಗೆ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡು ಪ್ರತಿ ನೋಡಿ ಬೇಸರವಾಯಿತು. ಅಕ್ಷರಗಳು ಅಂದಗೆಟ್ಟಿದ್ದವು. ಅಕ್ಷರ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯಲು ಕೂತರು. ಅದೇ ‘ಟೆಕ್’. ಟೆಕ್ ಪಾಲಿಗೆ ಅಕ್ಷರ, ಸಾಲು, ಚಿತ್ರ ಎಲ್ಲವೂ ಬರೀ ಪೆಟ್ಟಿಗೆ. ಎಷ್ಟು ಜಾಗ ಬೇಕು ಎಂದು ಕೇಳುತ್ತದೆಯೇ ಹೊರತು ಒಳಗೇನಿದೆ ಎಂದು ನೋಡುವುದಿಲ್ಲ.

ಅದರ ಮೇಲೆ ಬೆಳೆದ ‘ಲೇಟೆಕ್’ನಲ್ಲಿ ಚಿತ್ರ ಕತ್ತರಿಸಲು ಎರಡು ಆಜ್ಞೆಗಳಿವೆ. ‘ಟ್ರಿಮ್’ಗೆ ಎಡ, ಕೆಳಗೆ, ಬಲ, ಮೇಲೆ ಎಷ್ಟೆಷ್ಟು ಎಂದು ನಾಲ್ಕು ಅಳತೆ ಕೊಡಬೇಕು. ಅದು ಪೆಟ್ಟಿಗೆಯನ್ನು ಕಿರಿದು ಮಾಡುತ್ತದೆ ಅಷ್ಟೇ. ಚಿತ್ರ ಹೊರಚಾಚಿ ಪಕ್ಕದ ಬರಹದ ಮೇಲೆ ಬೀಳುತ್ತದೆ. ಜೊತೆಗೆ ‘ಕ್ಲಿಪ್’ ಎಂದರೆ ಹೆಚ್ಚಿನ ಭಾಗ ಕಾಣದಂತಾಗುತ್ತದೆ. ಕಾಣುವುದಿಲ್ಲ, ಆದರೆ ಹೋಗಿರುವುದಿಲ್ಲ.

ಹೀಗೆ ಮರೆಮಾಡುವ ವಿಧಾನ ಅಡೋಬಿ ಕಂಪನಿ 1984ರಲ್ಲಿ ತಂದ ಪೋಸ್ಟ್‌ಸ್ಕ್ರಿಪ್ಟ್‌ನಲ್ಲೇ ಇತ್ತು. 1993ರ ಪಿಡಿಎಫ್‌ಗೂ ಅದೇ ಬಂತು. ಕಿಟಕಿ ಕೊರೆದ ರಟ್ಟನ್ನು ಫೋಟೊ ಮೇಲೆ ಇಟ್ಟಂತೆ ಇದು. ರಟ್ಟಿನ ಕೆಳಗೆ ಇಡೀ ಫೋಟೊ ಹಾಗೇ ಇರುತ್ತದೆ. ಬೇರೆ ಪಿಡಿಎಫ್‌ನ ಪುಟವೊಂದನ್ನು ಹೀಗೆ ಕತ್ತರಿಸಿ ಸೇರಿಸಿದರೆ, ಮರೆಯಾದ ಸಾಲುಗಳೂ ಒಳಗೇ ಉಳಿಯುತ್ತವೆ. ತಿಳಿದವರು ಅವನ್ನು ಹೊರತೆಗೆಯಬಲ್ಲರು.

ಇದು ಬರೀ ತಾಂತ್ರಿಕ ವಿಷಯವಲ್ಲ. ದೌರ್ಜನ್ಯಕ್ಕೊಳಗಾದ ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡಬಾರದು ಎನ್ನುತ್ತದೆ 2012ರ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್. ಪುಟ ಕಟ್ಟುವವರು ಮುಖ, ಮನೆ, ಊರಿನ ಹೆಸರು ಕತ್ತರಿಸಿದೆವು ಎಂದು ನೆಮ್ಮದಿಯಾಗಿರುತ್ತಾರೆ. ಆ ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತುತ್ತದೆ, ಒಳಗಿನದನ್ನೂ ಹೊತ್ತುಕೊಂಡು.

ದಾರಿ ಸುಲಭ. ಚಿತ್ರವನ್ನು ಪುಟಕ್ಕೆ ತರುವ ಮೊದಲೇ ಫೋಟೊ ತಂತ್ರಾಂಶದಲ್ಲಿ ಕತ್ತರಿಸಿ, ಹೊಸ ಫೈಲಾಗಿ ಉಳಿಸಿ, ಅದನ್ನೇ ಬಳಸಿ. ಬರಹವಾದರೆ ಬೇಡದ ಸಾಲನ್ನು ಮರೆಮಾಡದೆ ಅಳಿಸಿಯೇ ಬಿಡಿ. ನೀವು ಪಂಚಾಯ್ತಿಗೋ ಸಂಘಕ್ಕೋ ಆಧಾರ್ ಪ್ರತಿಯನ್ನು ಪಿಡಿಎಫ್ ಮಾಡಿ ಕಳಿಸುವಾಗಲೂ ಇದೇ ಎಚ್ಚರ ಇರಲಿ.