ಉಪ್ಪಿನ ಮೇಲಿನ ಜಿಡ್ಡು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಸಮುದ್ರ ಅಂದ್ರೆ ಬಲು ದೂರ. ಆದ್ರೂ ಮುಂಗಾರಿನ ಕೆಲ ಹನಿಗಳು ಹುಟ್ಟೋದು ಸಮುದ್ರದ ಉಪ್ಪಿನ ಕಣದ ಸುತ್ತಲೇ. ತೆರೆಯ ಗುಳ್ಳೆ ಒಡೆದಾಗ ಉಪ್ಪಿನ ಜೊತೆ ಸಮುದ್ರಜೀವಿಗಳ ಜಿಡ್ಡೂ ಗಾಳಿಗೇರಿ ಕಣಕ್ಕೆ ಮೆತ್ತಿಕೊಳ್ತದೆ.

ನೀರಿನ ಮೇಲಿನ ಜಿಡ್ಡನ್ನು ನಿಖರವಾಗಿ ಅಳೆದವರಲ್ಲಿ ಮೊದಲಿಗರು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಇಟ್ಟುಕೊಂಡು ಅಳೆದರು. ಲಾರ್ಡ್ ರೇಲಿಗೆ ಬರೆದ ಪತ್ರ 1891ರಲ್ಲಿ ‘ನೇಚರ್’ನಲ್ಲಿ ಅಚ್ಚಾಯ್ತು. (ಡಿಗ್ರಿ ಇಲ್ಲದ್ದು ಯಾವ ಲೆಕ್ಕ!)

1936ರಲ್ಲಿ ಸ್ವೀಡನ್ನಿನ ಹಿಲ್ಡಿಂಗ್ ಕೋಹ್ಲರ್ ಹನಿಯೊಳಗಿನ ಜಗ್ಗಾಟಕ್ಕೆ ಸೂತ್ರ ಕೊಟ್ಟರು: ಉಪ್ಪು ನೀರನ್ನ ಎಳೀತದೆ, ಪುಟ್ಟ ಹನಿಯ ಬಾಗಿದ ಮೈ ಅದನ್ನ ಆವಿ ಮಾಡೋಕೆ ನೋಡ್ತದೆ. ಜಿಡ್ಡು ಎರಡೂ ಪಕ್ಷದಲ್ಲಿ ಆಡ್ತದೆ. ಮೇಲ್ಮೈ ಬಿಗಿತ ಇಳಿಸಿ ಹನಿ ಬೆಳೆಯೋಕೆ ನೆರವಾಗ್ತದೆ. ಉಪ್ಪಿನ ಜಾಗ ತಿಂದು, ಪದರ ದಟ್ಟವಾದ್ರೆ ನೀರಿನ ದಾರಿಗೂ ಅಡ್ಡ ನಿಲ್ತದೆ.

ನಮ್ಮ ಸರ್ಕಾರ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಅಂತ ಮೋಡ ಬಿತ್ತನೆಗೆ ದುಡ್ಡು ಸುರೀತು. ನನಗೆ ಹೆಚ್ಚು ಹಿಡಿಸಿದ್ದು ಇಂಡಿಯ ಪಕ್ಕದ ಸೊಲ್ಲಾಪುರದ ಕೆಲಸ. 2018-19ರಲ್ಲಿ ಪುಣೆಯ ಹವಾಮಾನ ವಿಜ್ಞಾನಿಗಳು ಕ್ಯಾಲ್ಸಿಯಂ ಕ್ಲೋರೈಡ್ ಬಿತ್ತಿದ್ದಷ್ಟೇ ಅಲ್ಲ, ಗಾಳಿಯಲ್ಲಿ ಮೊದಲೇ ಯಾವ ಕಣ ಇದಾವೆ ಅಂತ ವಿಮಾನ ಹತ್ತಿ ಅಳೆದ್ರು.