ಎರಡು ದಿನಕ್ಕೆ ಎಷ್ಟು ಏರಬೇಕು?

ಬಸಿರಿನ ಮೊದಲ ವಾರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದವರಿಗೆ ಬೀಟಾ ಎಚ್‌ಸಿಜಿ ಅನ್ನೋ ಹೆಸರು ಗೊತ್ತಿರುತ್ತೆ. ರಿಪೋರ್ಟಿನಲ್ಲಿ ಒಂದು ನಂಬರು ಬರುತ್ತೆ, ಪಕ್ಕದಲ್ಲಿ ವಾರದ ಲೆಕ್ಕದ ಪಟ್ಟಿ. ಗಂಡ ಹೆಂಡತಿ ಇಬ್ಬರೂ ಮೊಬೈಲ್ ಹಿಡಿದು "ಇದು ಕಮ್ಮಿ ಆಯ್ತಾ?" ಅಂತ ಹುಡುಕೋಕೆ ಶುರು ಮಾಡ್ತಾರೆ. ನಾನು ಡಾಕ್ಟರಲ್ಲ, ಬಿಇ ಓದಿ ಕೋಡ್ ಬರೆಯೋನು. ಆದ್ರೆ ಈ ನಂಬರು ಎಲ್ಲಿಂದ ಬಂತು ಅಂತ ಚರಿತ್ರೆ ಓದಿದ ಮೇಲೆ ಒಂದು ಮಾತು ಸ್ಪಷ್ಟವಾಯ್ತು: ಒಂಟಿ ನಂಬರು ಹೇಳೋದು ತುಂಬಾ ಕಡಿಮೆ. ಅದಕ್ಕಿಂತ ಜಾಸ್ತಿ ಹೇಳಿಸೋಕೆ ಹೋದಾಗಲೆಲ್ಲ ಯಾರಿಗೋ ತೊಂದರೆ ಆಗಿದೆ.

ನಮ್ಮೂರಲ್ಲಿ ಬಸಿರು ಅಂದ್ರೆ ಮೂರು ತಿಂಗಳು ತುಂಬಿದ ಮೇಲಿನ ಸುದ್ದಿ. ಅಲ್ಲೀತನಕ ಅದು ಬಾಯಿಗೆ ಬರ್ತಿರಲಿಲ್ಲ. ಕೊಟ್ಟಿಗೆಯಲ್ಲೂ ಹಾಗೇ. ಹಸು ಗಬ್ಬ ನಿಂತಿದೆಯೋ ಇಲ್ವೋ ಅಂತ ದನದ ಡಾಕ್ಟ್ರು ಬಂದು ಕೈ ಹಾಕಿ ನೋಡಿ ಹೇಳ್ಬೇಕಿತ್ತು. ಅದಕ್ಕೂ ಮುಂಚೆ ತಿಳ್ಕೊಳ್ಳೋ ದಾರಿ ಯಾರಿಗೂ ಇರಲಿಲ್ಲ, ಆತುರವೂ ಇರಲಿಲ್ಲ.

ಮೊದಲ ದಾರಿ ಸಿಕ್ಕಿದ್ದು ಬರ್ಲಿನ್ನಿನಲ್ಲಿ. ಸೆಲ್ಮಾರ್ ಆಶೈಮ್ ಮತ್ತು ಬರ್ನ್‌ಹಾರ್ಡ್ ಝೋಂಡೆಕ್ ಅನ್ನೋ ಇಬ್ಬರು ವೈದ್ಯರು 1927ರಲ್ಲಿ ಬಸುರಿಯರ ಮೂತ್ರದಲ್ಲಿ ಅಂಡಾಶಯವನ್ನು ಎಚ್ಚರಿಸುವ ವಸ್ತುವೊಂದನ್ನು ಕಂಡರು. ಹೆಂಗಸಿನ ಮೂತ್ರವನ್ನು ಎಳೇ ಹೆಣ್ಣಿಲಿಗಳಿಗೆ ಚುಚ್ಚೋದು, ಕೆಲವು ದಿನ ಬಿಟ್ಟು ಇಲಿಗಳನ್ನು ಕೊಂದು ಅಂಡಾಶಯ ನೋಡೋದು. ಅಂಡಾಶಯ ಬಲಿತಿದ್ರೆ ಬಸಿರು. ಇಬ್ಬರೂ ಯಹೂದಿಗಳು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಇಬ್ಬರೂ ಜರ್ಮನಿ ಬಿಡಬೇಕಾಯ್ತು. ಅವರ ಪರೀಕ್ಷೆ ಮಾತ್ರ ಜಗತ್ತೆಲ್ಲ ಹಬ್ಬಿತು.

ಇಲಿಯಾದ ಮೇಲೆ ಮೊಲ ಬಂತು, ಮೊಲದ ಮೇಲೆ ಕಪ್ಪೆ. ದಕ್ಷಿಣ ಆಫ್ರಿಕಾದ ಝೆನೋಪಸ್ ಅನ್ನೋ ಕಪ್ಪೆಗೆ ಇಂಜೆಕ್ಷನ್ ಕೊಟ್ಟರೆ, ಮೂತ್ರ ಬಸುರಿಯದ್ದಾಗಿದ್ರೆ ಮಾರನೇ ದಿನದೊಳಗೆ ಮೊಟ್ಟೆ ಇಡುತ್ತಿತ್ತು. ಕೇಪ್‌ಟೌನಿನಲ್ಲಿ ಲ್ಯಾನ್ಸಲಾಟ್ ಹಾಗ್‌ಬೆನ್ ಮಾಡಿದ್ದ ಪ್ರಯೋಗಗಳಿಂದ ಹುಟ್ಟಿದ ವಿಧಾನ ಇದು. ಕಪ್ಪೆಯನ್ನು ಕೊಲ್ಲಬೇಕಿರಲಿಲ್ಲ, ಮತ್ತೆ ಮತ್ತೆ ಬಳಸಬಹುದಿತ್ತು. 1960ರ ದಶಕದವರೆಗೂ ಆಸ್ಪತ್ರೆಗಳಿಗಾಗಿ ಈ ಕಪ್ಪೆಗಳನ್ನು ಸಾಕ್ತಿದ್ರು.

ಒಂದು ವಿಷಯ ಗಮನಿಸಿ. ಕಪ್ಪೆ "ನಿನ್ನ ಹಾರ್ಮೋನು ಕಮ್ಮಿ" ಅಂತ ಹೇಳ್ತಿರಲಿಲ್ಲ. ಮೊಟ್ಟೆ ಇಡುತ್ತೆ ಅಥವಾ ಇಡಲ್ಲ, ಅಷ್ಟೇ. ಆ ಕಾಲದ ಹೆಂಗಸಿಗೆ ಸಿಗ್ತಿದ್ದದ್ದು ಹೌದು ಅಥವಾ ಇಲ್ಲ.

ಈ ಹಾರ್ಮೋನು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತೆ ಅಂತ ಬರ್ಲಿನ್ನಿನವರು ನಂಬಿದ್ದರು. ಅಲ್ಲ, ಅದು ಬರೋದು ಮಾಸಿನಿಂದ ಅಂತ 1930ರ ದಶಕದಲ್ಲಿ ತೋರಿಸಿದವರಲ್ಲಿ ಮುಖ್ಯಳು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಯುವ ವೈದ್ಯೆ ಜಾರ್ಜಿಯಾನಾ ಸೀಗರ್. ಮಾಸು ಅಂದ್ರೆ ಗೊತ್ತಲ್ಲ, ಕರು ಹಾಕಿದ ಮೇಲೆ "ಮಾಸು ಬಿತ್ತಾ?" ಅಂತ ರಾತ್ರಿಯೆಲ್ಲ ಕಾಯ್ತಾರಲ್ಲ, ಅದೇ. ಇದು ಸಣ್ಣ ತಿದ್ದುಪಡಿ ಅಲ್ಲ. ಎಚ್‌ಸಿಜಿಯನ್ನು ಮಾಡೋದು ತಾಯಿಯ ಗ್ರಂಥಿಯಲ್ಲ, ಮುಂದೆ ಮಾಸಾಗಲಿರುವ ಜೀವಕೋಶಗಳು. "ನಾನಿಲ್ಲಿದ್ದೀನಿ, ಮುಟ್ಟು ತಡೆದು ನಿಲ್ಲಿಸು" ಅಂತ ಅವು ತಾಯಿಯ ಮೈಗೆ ಕಳಿಸೋ ಸಂದೇಶ ಅದು. ಸಂದೇಶ ಕ್ಷೀಣವಾಗಿದ್ರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಅರ್ಥ: ಕಳಿಸೋರು ಈಗಷ್ಟೇ ಬಂದಿದ್ದಾರೆ, ಇಲ್ಲವೇ ಅವರಿಗೇ ಶಕ್ತಿ ಸಾಲುತ್ತಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎಚ್‌ಸಿಜಿ ಒಂದು ಲಾಗ್ ಫೈಲು. ಲಾಗ್ ತಿದ್ದಿದ ಮಾತ್ರಕ್ಕೆ ಸರ್ವರ್ ಸರಿಹೋಗಲ್ಲ.

ಹೌದು-ಇಲ್ಲದ ಜಾಗಕ್ಕೆ ನಂಬರು ಬಂದಿದ್ದರ ಹಿಂದೆ ಬಸಿರಲ್ಲ, ಕ್ಯಾನ್ಸರ್ ಇದೆ. ಕೋರಿಯೋಕಾರ್ಸಿನೋಮ ಅನ್ನೋದು ಮಾಸಿನ ಜೀವಕೋಶಗಳ ಕ್ಯಾನ್ಸರ್, ಅದೂ ಎಚ್‌ಸಿಜಿ ಸುರಿಸುತ್ತೆ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲೀ ಅನ್ನೋ ವೈದ್ಯ ಇದಕ್ಕೆ ಮೆಥೋಟ್ರೆಕ್ಸೇಟ್ ಕೊಟ್ಟ. ಗಡ್ಡೆ ಕರಗಿತು. ಆದ್ರೆ ಹಾರ್ಮೋನು ಇನ್ನೂ ಸ್ವಲ್ಪ ಉಳಿದಿತ್ತು. ಅದು ಪೂರ್ತಿ ಹೋಗೋವರೆಗೂ ಔಷಧಿ ನಿಲ್ಲಿಸಲ್ಲ ಅಂತ ಲೀ ಹಟ ಹಿಡಿದ. ಕಣ್ಣಿಗೆ ಕಾಣದ ರೋಗಕ್ಕೆ ವಿಷ ಕೊಡ್ತಿದ್ದೀಯ ಅಂತ ಅವನ ಕೆಲಸ ಹೋಯ್ತು. ಅವನು ಕೊನೇತನಕ ಚಿಕಿತ್ಸೆ ಕೊಟ್ಟ ಹೆಂಗಸರು ಉಳಿದುಕೊಂಡರು. 1972ರಲ್ಲಿ ಲೀಗೆ ಲಾಸ್ಕರ್ ಪ್ರಶಸ್ತಿಯ ಗೌರವ ಸಿಕ್ಕಿತು.

ಅದೇ 1972ರಲ್ಲಿ ಜೂಡಿತ್ ವೈಟುಕೈಟಿಸ್, ಗ್ಲೆನ್ ಬ್ರಾನ್‌ಸ್ಟೀನ್, ಗ್ರಿಫ್ ರಾಸ್ ಅನ್ನೋ ಮೂವರು ಅಮೆರಿಕದಲ್ಲೇ ಹೊಸ ರಕ್ತ ಪರೀಕ್ಷೆ ಪ್ರಕಟಿಸಿದರು. ಎಚ್‌ಸಿಜಿಗೆ ಎರಡು ತುಂಡು, ಆಲ್ಫಾ ಮತ್ತು ಬೀಟಾ. ಆಲ್ಫಾ ತುಂಡು ಎಲ್‌ಎಚ್ ಅನ್ನೋ ಇನ್ನೊಂದು ಹಾರ್ಮೋನಿನಲ್ಲೂ ಇದೆ, ಹಾಗಾಗಿ ಹಳೇ ಪರೀಕ್ಷೆಗಳು ಎರಡನ್ನೂ ಗೊಂದಲ ಮಾಡ್ಕೊಳ್ತಿದ್ವು. ಇವರು ಬೀಟಾ ತುಂಡನ್ನು ಮಾತ್ರ ಹಿಡಿದರು. ರಿಪೋರ್ಟಿನಲ್ಲಿ "ಬೀಟಾ" ಅಂತ ಇರೋದು ಅದಕ್ಕೇ. ಅಲ್ಲಿಂದ ಮುಂದೆ ತೀರ ಸಣ್ಣ ಪ್ರಮಾಣವನ್ನೂ ಅಳೆಯಬಹುದಾಯ್ತು.

ಇಷ್ಟು ಬೇಗ ಗೊತ್ತಾಗೋಕೆ ಶುರುವಾದಾಗ ಇನ್ನೊಂದು ಸತ್ಯವೂ ಹೊರಬಂತು. 1988ರಲ್ಲಿ ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು, ಮಗು ಬೇಕು ಅಂತಿದ್ದ 221 ಹೆಂಗಸರ ಮೂತ್ರವನ್ನು ದಿನಾ ಪರೀಕ್ಷಿಸಿದ ಅಧ್ಯಯನ ಪ್ರಕಟಿಸಿದರು. ಕಂಡ 198 ಬಸಿರುಗಳಲ್ಲಿ 22 ಶೇಕಡಾ, ಬಸಿರು ಅಂತ ಗೊತ್ತಾಗೋ ಮೊದಲೇ ಮುಗಿದಿದ್ದವು. ಒಟ್ಟು ನಷ್ಟ 31 ಶೇಕಡಾ. ಇದನ್ನ ಅಜ್ಜಿಗೆ ವಿವರಿಸಿದೆ. "ನಂಗೂ ಎರಡು ಸಲ ತಡವಾಗಿ ಜೋರಾಗಿ ಆಗಿತ್ತು ಕಣೋ. ಏನೋ ಉಷ್ಣ ಅಂದ್ಕೊಂಡಿದ್ದೆ" ಅಂದಳು. ಹಿಂದೆ ಉಷ್ಣ ಅನ್ನಿಸಿಕೊಂಡಿದ್ದರಲ್ಲಿ ಎಷ್ಟೋ ಈಗ ನಂಬರಿರೋ ದುಃಖ.

ಇನ್ನು ಕಮ್ಮಿ ಅಂದ್ರೆ ಎಷ್ಟು? ಲ್ಯಾಬ್‌ಗಳಲ್ಲಿ ಚಾಲ್ತಿಯಲ್ಲಿರೋ ಒಂದು ಪಟ್ಟಿಯಲ್ಲಿ ನಾಲ್ಕನೇ ವಾರಕ್ಕೆ 5ರಿಂದ 426, ಐದನೇ ವಾರಕ್ಕೆ 18ರಿಂದ 7,340. 60 ಬಂದ್ರೂ ಸರಿ, 6,000 ಬಂದ್ರೂ ಸರಿ ಅನ್ನೋ ಪಟ್ಟಿ ಇದು. ಅಂಡ ನಾಲ್ಕು ದಿನ ತಡವಾಗಿ ಬಿಡುಗಡೆಯಾಗಿದ್ರೆ ವಾರದ ಲೆಕ್ಕವೇ ತಪ್ಪು. ಅದಕ್ಕೇ ಡಾಕ್ಟ್ರು ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಡಿ ಅನ್ನೋದು. ನೋಡಬೇಕಾಗಿರೋದು ಏರಿಕೆಯನ್ನ.

ಆ ಏರಿಕೆಗೂ ಒಂದು ಕಥೆ ಇದೆ. 48 ಗಂಟೆಯಲ್ಲಿ ಕನಿಷ್ಠ 66 ಶೇಕಡಾ ಏರಬೇಕು ಅನ್ನೋ ನಿಯಮ 1981ರಲ್ಲಿ ಬಂತು. ಅದರ ಹಿಂದಿದ್ದದ್ದು ಬರೀ 20 ಹೆಂಗಸರ ಮಾಹಿತಿ. ಆರೋಗ್ಯವಾಗಿರೋ ಬಸಿರುಗಳಲ್ಲೇ ಸುಮಾರು 15 ಶೇಕಡಾ ಆ ಗೆರೆಯ ಕೆಳಗೆ ಬೀಳುತ್ತವೆ ಅಂತ ಅದರ ಲೆಕ್ಕವೇ ಹೇಳ್ತಿತ್ತು. ಆದ್ರೂ ಹಳೇ ಕೋಡಿನಲ್ಲಿ ಯಾರೋ ಬರೆದಿಟ್ಟ ಸ್ಥಿರಾಂಕದ ಥರ ಅದು ಉಳಿದುಬಿಟ್ಟಿತು. 2004ರಲ್ಲಿ ಕರ್ಟ್ ಬಾರ್ನ್‌ಹಾರ್ಟ್ ತಂಡ, ನೋವು ಅಥವಾ ರಕ್ತಸ್ರಾವ ಇದ್ದೂ ಬಸಿರು ನಿಂತ 287 ಹೆಂಗಸರನ್ನು ನೋಡಿ, 53 ಶೇಕಡಾದಷ್ಟು ನಿಧಾನ ಏರಿಕೆಯೂ ಸಹಜ ಇರಬಹುದು ಅಂದಿತು. 2018ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ ಇನ್ನೂ ಇಳಿಸಿತು: ಶುರುವಿನ ನಂಬರು 1,500ಕ್ಕಿಂತ ಕಮ್ಮಿ ಇದ್ರೆ 49 ಶೇಕಡಾ, 1,500ರಿಂದ 3,000ದವರೆಗೆ 40, ಅದಕ್ಕೂ ಮೇಲಿದ್ರೆ 33.

ಇದು ಬರೀ ಅಂಕಿಯ ಜಗಳ ಅಲ್ಲ. ಏರಿಕೆ ನಿಧಾನ ಅಂದ್ರೆ ಗರ್ಭ ಟ್ಯೂಬಿನಲ್ಲಿ ಕೂತಿರಬಹುದು ಅನ್ನೋ ಭಯ ಇದೆ. ಟ್ಯೂಬ್ ಒಡೆದ್ರೆ ತಾಯಿಯ ಪ್ರಾಣಕ್ಕೇ ಅಪಾಯ. ಟ್ಯೂಬಿನ ಗರ್ಭಕ್ಕೆ ಕೊಡೋ ಔಷಧಿ ಯಾವುದು ಗೊತ್ತಾ? ಲೀ ಕೊಟ್ಟಿದ್ದ ಅದೇ ಮೆಥೋಟ್ರೆಕ್ಸೇಟ್. ಗೆರೆ ತೀರ ಮೇಲಿದ್ರೆ, ಗರ್ಭಕೋಶದಲ್ಲೇ ನಿಧಾನವಾಗಿ ಬೆಳೀತಿರೋ ಕೂಸಿಗೆ ಆ ಔಷಧಿ ಬೀಳೋ ಸಂಭವ. ಗೆರೆ ತೀರ ಕೆಳಗಿದ್ರೆ, ಟ್ಯೂಬಿನ ಗರ್ಭ ಕಣ್ತಪ್ಪೋ ಸಂಭವ. ಅದಕ್ಕೇ ನಂಬರಿನ ಜೊತೆ ಸ್ಕ್ಯಾನು, ಸ್ಕ್ಯಾನಿನ ಜೊತೆ ತಾಳ್ಮೆ. ನಡುವೆ ಒಂದೇ ಪಕ್ಕದಲ್ಲಿ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದ್ರೆ ಮಾತ್ರ ಎರಡು ದಿನ ಕಾಯೋದು ಬೇಡ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮನೆಯಲ್ಲಿ ಮೊದಲ ಸಲ ಬಂದಿದ್ದು 96. ಎರಡು ದಿನದ ಮೇಲೆ 118. ಮತ್ತೆರಡು ದಿನಕ್ಕೆ 70. ಸೊನ್ನೆ ಹತ್ತಿರ ಹೋಗೋವರೆಗೂ ನಮ್ಮ ಡಾಕ್ಟ್ರು ಬಿಡಲಿಲ್ಲ, ವಾರಕ್ಕೊಮ್ಮೆ ರಕ್ತ ತೆಗೆಸಿದರು. ಅಷ್ಟರಲ್ಲಿ ಊರಿಂದ ಫೋನುಗಳು. ಪಪಾಯ ತಿಂದ್ಲಾ, ಸ್ಕೂಟಿ ಓಡಿಸಿದ್ಲಾ, ರಾತ್ರಿ ಪಾಳಿಯ ಕೆಲಸ ಬೇಕಿತ್ತಾ ಅಂತ. ಅವಳು ಮಾತಾಡಲಿಲ್ಲ. ನಾನು ಅಮ್ಮನಿಗೆ ಮಾಸಿನ ಕಥೆ ಹೇಳಿದೆ: ಇಷ್ಟು ಬೇಗ ನಿಂತುಹೋಗೋ ಬಸಿರುಗಳಲ್ಲಿ ಹೆಚ್ಚಿನವು ಕ್ರೋಮೋಸೋಮುಗಳ ಎಣಿಕೆ ಶುರುವಲ್ಲೇ ತಪ್ಪಿದವು, ಸಂದೇಶ ಕಳಿಸೋಕೆ ಅಲ್ಲಿ ಶಕ್ತಿಯೇ ಇರಲ್ಲ, ಅದನ್ನ ಇವಳು ಸ್ಕೂಟಿ ನಿಲ್ಲಿಸಿ ತುಂಬೋಕೆ ಆಗಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಫೋನ್ ಕೊಡು" ಅಂದಳು.