ಓದಿನ ಮೇಜಿನ ಸುತ್ತ ಯಾರಿದ್ದರು?

ಓದುಗರೇ, ಅಮೆರಿಕದ ಓಕ್ಲಹೋಮಾ ವಿಶ್ವವಿದ್ಯಾಲಯದ ಒಂದು ತರಗತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ವರ್ಷ 1948. ಒಳಗೆ ಪಾಠ ಕೇಳುತ್ತಿರುವವರೆಲ್ಲ ಬಿಳಿಯರು. ಅದಕ್ಕೆ ಹೊಂದಿಕೊಂಡ ಪಕ್ಕದ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಅಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಯೊಬ್ಬರು ಒಂಟಿಯಾಗಿ ಕುಳಿತು ಅದೇ ಪಾಠವನ್ನು ಬರೆದುಕೊಳ್ಳುತ್ತಿದ್ದಾರೆ. ಅವರು ಜಾರ್ಜ್ ಮೆಕ್ಲಾರಿನ್. ಎಳೆಯ ಹುಡುಗನೇನಲ್ಲ, ಸ್ನಾತಕೋತ್ತರ ಪದವಿ ಪಡೆದು, ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು ಬಂದ ಹಿರಿಯರು. ಗ್ರಂಥಾಲಯದಲ್ಲೂ ಅವರಿಗೆ ಬೇರೆ ಮೇಜು. ಎಲ್ಲರೂ ಕೂರುವ ವಾಚನಾಲಯಕ್ಕೆ ಪ್ರವೇಶವಿಲ್ಲ. ಊಟದ ಕೋಣೆಯಲ್ಲಿ ಬೇರೆ ಜಾಗ, ಬೇರೆ ಹೊತ್ತು.

ಇದೆಲ್ಲ ನಡೆದದ್ದು ಕಾನೂನಿನ ಪ್ರಕಾರವೇ! ಪಾಠ ಅದೇ, ಪುಸ್ತಕ ಅದೇ, ಅಧ್ಯಾಪಕರೂ ಅವರೇ, ಇನ್ನೇನು ಕೊರತೆ ಎಂಬುದು ರಾಜ್ಯದ ವಾದ. ಮೆಕ್ಲಾರಿನ್ ಪರ ನಿಂತ ವಕೀಲರಲ್ಲಿ ಒಬ್ಬರು, 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್. 1950ರ ಜೂನ್ 5ರಂದು ಅದೇ ನ್ಯಾಯಾಲಯ ಒಮ್ಮತದ ತೀರ್ಪು ನೀಡಿತು. ಹೀಗೆ ದೂರ ಕೂರಿಸುವುದರಿಂದ ಅಭ್ಯಾಸ ಮಾಡುವ, ಸಹಪಾಠಿಗಳೊಡನೆ ಚರ್ಚಿಸುವ, ಒಟ್ಟಿನಲ್ಲಿ ತಮ್ಮ ವೃತ್ತಿಯನ್ನು ಕಲಿಯುವ ಅವರ ಶಕ್ತಿಗೇ ಧಕ್ಕೆಯಾಗುತ್ತದೆ ಎಂಬುದು ಅದರ ತಿರುಳು. ಶಾಲೆಗಳಲ್ಲಿನ ವರ್ಣಭೇದವನ್ನು ತಳ್ಳಿಹಾಕಿದ 1954ರ ತೀರ್ಪು ಎಲ್ಲರಿಗೂ ಗೊತ್ತು. ನನಗೇನೋ ಈ 1950ರ ತೀರ್ಪೇ ವಿದ್ಯೆಯ ಸ್ವಭಾವವನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿದಿದೆ ಎನಿಸುತ್ತದೆ. ವಿದ್ಯೆ ಗುರುವಿನಿಂದ ಮಾತ್ರ ಬರುವುದಲ್ಲ, ಪಕ್ಕದಲ್ಲಿ ಕುಳಿತವನಿಂದಲೂ ಬರುತ್ತದೆ ಎಂದು ಕಾನೂನೇ ಒಪ್ಪಿಕೊಂಡಂತಾಯಿತು.

ನ್ಯಾಯಾಲಯ ಹೇಳಿದ್ದು ತರ್ಕದ ಮಾತು. ಅದಕ್ಕೆ ಪ್ರತ್ಯಕ್ಷ ಪುರಾವೆ ಸಿಗಲು ಕಾಲು ಶತಮಾನ ಹಿಡಿಯಿತು. ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ, ಅದೂ ಗಣಿತ ವಿಭಾಗದಲ್ಲಿ. 1970ರ ದಶಕದ ಮಾತು. ಅಲ್ಲಿ ಯಾರನ್ನೂ ಪಕ್ಕದ ಕೋಣೆಯಲ್ಲಿ ಕೂರಿಸುತ್ತಿರಲಿಲ್ಲ. ಆದರೂ ಮೊದಲ ವರ್ಷದ ಕಲನಶಾಸ್ತ್ರದಲ್ಲಿ, ಅಂದರೆ ಕ್ಯಾಲ್ಕುಲಸ್‌ನಲ್ಲಿ, ನೂರಕ್ಕೆ ಸುಮಾರು 60 ಮಂದಿ ಕಪ್ಪು ವಿದ್ಯಾರ್ಥಿಗಳಿಗೆ ಸಿಗುತ್ತಿದ್ದುದು ಅತ್ಯಂತ ಕೆಳಗಿನ ಡಿ ಅಥವಾ ಎಫ್ ದರ್ಜೆ. ಚೀನೀ ಮೂಲದ ವಿದ್ಯಾರ್ಥಿಗಳು ಅದೇ ತರಗತಿಯಲ್ಲಿ ಮುಂದಿದ್ದರು. ಕಲನಶಾಸ್ತ್ರ ದಾಟದವರಿಗೆ ಎಂಜಿನಿಯರಿಂಗ್, ವೈದ್ಯಕೀಯ, ವಿಜ್ಞಾನ ಎಲ್ಲದರ ಬಾಗಿಲೂ ಮುಚ್ಚಿದಂತೆ.

ಯೂರಿ ಟ್ರೈಸ್‌ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಇದಕ್ಕೆ ಕಾರಣವೇನೆಂದು ಕೇಳಿದಾಗ ಸುತ್ತಲಿನವರು ಥಟ್ಟನೆ ಉತ್ತರ ಕೊಟ್ಟರು. ಆ ಹುಡುಗರಿಗೆ ಛಲವಿಲ್ಲ, ಶಾಲೆಯ ಬುನಾದಿ ಸಾಲದು, ಮನೆಯವರ ಬೆಂಬಲವಿಲ್ಲ, ಬಡತನ. ಇಂಥ ಉತ್ತರಗಳು ನಮಗೂ ಅಪರಿಚಿತವೇನಲ್ಲ! ಟ್ರೈಸ್‌ಮನ್ ಇಪ್ಪತ್ತು ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಚೀನೀ ವಿದ್ಯಾರ್ಥಿಗಳನ್ನೂ ಆರಿಸಿಕೊಂಡು, ಅವರಿದ್ದಲ್ಲಿಗೇ ಹೋಗಿ, ವಿಡಿಯೋ ಕ್ಯಾಮೆರಾ ಹಿಡಿದು ಅವರು ಓದುವ ಬಗೆಯನ್ನು ಚಿತ್ರಿಸಿಕೊಂಡರು. (ಕ್ಯಾಮೆರಾ ಹಿಂದೆಯೇ ಬದುಕು ಕಳೆಯುತ್ತಿರುವ ನನಗೆ ಇದು ಬಹಳ ಹಿಡಿಸಿದ ಸಂಗತಿ.) ಒಂದೂವರೆ ವರ್ಷದ ವೀಕ್ಷಣೆಯಲ್ಲಿ ಆ ಉತ್ತರಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಕಪ್ಪು ವಿದ್ಯಾರ್ಥಿಗಳಲ್ಲಿ ತಮ್ಮ ಶಾಲೆಗೇ ಮೊದಲಿಗರಾಗಿ ಬಂದವರಿದ್ದರು. ಮಕ್ಕಳ ಓದಿಗಾಗಿ ಮನೆಯವರು ಪಟ್ಟ ಪಾಡೂ ಕಡಿಮೆಯದಲ್ಲ.

ಹಾಗಾದರೆ ವ್ಯತ್ಯಾಸ ಇದ್ದದ್ದೆಲ್ಲಿ? ಕಪ್ಪು ವಿದ್ಯಾರ್ಥಿಗಳು ವಾರಕ್ಕೆ ಸುಮಾರು ಎಂಟು ಗಂಟೆ, ಅಧ್ಯಾಪಕರು ಹೇಳಿದಷ್ಟು, ಶ್ರದ್ಧೆಯಿಂದಲೇ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ. ಓರಗೆಯವರ ಸಹವಾಸದಿಂದ ದೂರವಿದ್ದು ಓದಿದ್ದರಿಂದಲೇ ಅವರು ಬರ್ಕಲಿಯವರೆಗೆ ಬಂದಿದ್ದರು. ಓದು ಬೇರೆ, ಗೆಳೆತನ ಬೇರೆ ಎಂಬುದು ಅವರಿಗೆ ಬೇರೂರಿದ ಅಭ್ಯಾಸ. ಅಂಕ ಬಂದಾಗಲೇ ತಾವು ಎಲ್ಲಿದ್ದೇವೆಂದು ತಿಳಿಯುತ್ತಿದ್ದುದು. ಚೀನೀ ವಿದ್ಯಾರ್ಥಿಗಳದು ವಾರಕ್ಕೆ ಸುಮಾರು ಹದಿನಾಲ್ಕು ಗಂಟೆ. ಅದರಲ್ಲಿ ಎಂಟು ಹತ್ತು ಗಂಟೆ ಅವರೂ ಒಂಟಿಯಾಗಿಯೇ ಓದುತ್ತಿದ್ದರು. ಸಂಜೆ ಒಟ್ಟಿಗೆ ಸೇರಿ, ಕೆಲವೊಮ್ಮೆ ಕೂಡಿ ಅಡುಗೆ ಮಾಡಿ ಉಂಡು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುವರು, ಇಂಗ್ಲಿಷನ್ನೂ ತಿದ್ದುವರು. ಅಣ್ಣನೋ ಸೋದರ ಸಂಬಂಧಿಯೋ ಬಂದು ಪ್ರಶ್ನೆ ಕೇಳುವನು. ಗ್ರಂಥಾಲಯದಲ್ಲಿಟ್ಟಿದ್ದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ಬಿಡಿಸುವರು. ಹಾಸ್ಟೆಲಿನ ಜಗುಲಿಯಲ್ಲಿ ಸೀನಿಯರ್ ಹುಡುಗರಿಂದ ಲೆಕ್ಕ ಹೇಳಿಸಿಕೊಂಡು ಪಾಸಾದ ನಮ್ಮವರಿಗೆ ಇದರ ಬೆಲೆ ವಿವರಿಸಬೇಕಿಲ್ಲ.

1978ರಲ್ಲಿ ಟ್ರೈಸ್‌ಮನ್ ಒಂದು ಕಾರ್ಯಾಗಾರ ತೆರೆದರು. ಹಿಂದುಳಿದವರಿಗೆ ವಿಶೇಷ ಪಾಠ ಎಂದು ಕರೆದಿದ್ದರೆ ಆ ಹುಡುಗರು ಬರುತ್ತಿರಲಿಲ್ಲ. ಇದು ಪ್ರತಿಭಾವಂತರ ಕೂಟವೆಂದೇ ಆಹ್ವಾನ ಹೋಯಿತು. ಬೋಧನೆ ಕಡಿಮೆ. ಕಠಿಣವಾದ ಲೆಕ್ಕಗಳನ್ನು ಕೊಟ್ಟು, ಸಣ್ಣ ಗುಂಪುಗಳಲ್ಲಿ ಕೂರಿಸಿ, ವಾದಿಸಲು ಬಿಡುವುದು. ಫಲಿತಾಂಶ ನೋಡಿ: ಎಸ್.ಎ.ಟಿ. ಎಂಬ ಪ್ರವೇಶ ಪರೀಕ್ಷೆಯ ಗಣಿತ ಭಾಗದಲ್ಲಿ 800ಕ್ಕೆ ಆರುನೂರರ ಆಸುಪಾಸು ಪಡೆದಿದ್ದ ಕಪ್ಪು ವಿದ್ಯಾರ್ಥಿಗಳು, ಏಳುನೂರೈವತ್ತರ ಹತ್ತಿರ ಪಡೆದಿದ್ದ ಬಿಳಿಯ ಮತ್ತು ಏಷ್ಯನ್ ಸಹಪಾಠಿಗಳಿಗೆ ಕಲನಶಾಸ್ತ್ರದಲ್ಲಿ ಸರಿಸಾಟಿಯಾದರು.

ವಿಜ್ಞಾನ ಓದಿದವನಾಗಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಲವತ್ತು ಜನರನ್ನು ನೋಡಿ ಎರಡು ಜನಾಂಗಗಳ ಬಗ್ಗೆ ತೀರ್ಮಾನ ಹೇಳಲಾಗದು. ಕಾರ್ಯಾಗಾರಕ್ಕೆ ಬಂದವರು ತಾವಾಗಿ ಒಪ್ಪಿ ಬಂದವರು. ಅಂಥವರಲ್ಲಿ ಉತ್ಸಾಹ ತುಸು ಹೆಚ್ಚೇ ಇದ್ದಿರಬಹುದು. ಕೂಡಿ ಓದುವುದು ಚೀನೀಯರ ರಕ್ತಗುಣವೆಂದು ಹೇಳಹೊರಟವರು ಮಾತ್ರ ಈ ಪ್ರಯೋಗವನ್ನು ತಲೆಕೆಳಗಾಗಿ ಓದಿದಂತೆ. ರಕ್ತಗುಣವಾಗಿದ್ದರೆ ಅದನ್ನು ಒಂದು ಕೋಣೆ, ಕೆಲವು ಮೇಜು, ಒಂದು ಹಾಳೆ ಲೆಕ್ಕಗಳಿಂದ ಬೇರೆಯವರಿಗೆ ದಾಟಿಸಲು ಆಗುತ್ತಿತ್ತೇ?

ಮೆಕ್ಲಾರಿನ್ ತೀರ್ಪು ಬಂದ ದಿನವೇ ಅದೇ ನ್ಯಾಯಾಲಯ ಇನ್ನೊಂದು ತೀರ್ಪನ್ನೂ ಕೊಟ್ಟಿತ್ತು. 1946ರಲ್ಲಿ ಹೆಮನ್ ಸ್ವೆಟ್ ಎಂಬ ಕಪ್ಪು ಅಭ್ಯರ್ಥಿಗೆ ಕಾನೂನು ಕಾಲೇಜಿನ ಪ್ರವೇಶ ನಿರಾಕರಿಸಿದ್ದ ಟೆಕ್ಸಾಸ್ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಳ್ಳಬೇಕೆಂಬುದು ಆ ತೀರ್ಪು. ಬರ್ಕಲಿಯ ಮಾದರಿಯ ಕಾರ್ಯಾಗಾರ 1988ರಲ್ಲಿ ಅದೇ ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಆರಂಭವಾಯಿತು. ಟ್ರೈಸ್‌ಮನ್ ಕೂಡ ಮುಂದೆ ಅಲ್ಲಿಗೇ ಪ್ರಾಧ್ಯಾಪಕರಾಗಿ ಹೋದರು.